ಒಗೆಯುವ ಕಲ್ಲಿನ ಮೇಲೊಂದು ಬೆಟ್ಟದ ಬೈಕು

ನಮ್ಮ ಸೋದರಮಾವನ ಹತ್ತಿರ ಬೆಟ್ಟ ಹತ್ತುವ ಮೋಟಾರ್‌ಸೈಕಲ್ ಒಂದಿದೆ. ಕಲ್ಲು, ಮುಳ್ಳು, ಹಳ್ಳ, ಕೊರಕಲು ಯಾವುದಕ್ಕೂ ಅಂಜದ ಜಾತಿಯ ಬೈಕು ಅದು. ಬಹುಕಾಲ ಅದು ಚಾಮರಾಜಪುರಂ ಬಿಟ್ಟು ಆಚೆ ಹೋದದ್ದು ಆಟೋರಿಕ್ಷಾದಲ್ಲಿ ಮಾತ್ರ, ಅದೂ ಬಿಡಿಬಿಡಿಯಾಗಿ! ಒಂದು ಸಲ ಮುಂದಿನ ಚಕ್ರ ಹೋಯಿತು. ಇನ್ನೊಂದು ಸಲ ಹಿಂದಿನ ಚಕ್ರ. ಮತ್ತೊಂದು ಸಲ ಪೆಟ್ರೋಲ್ ಟ್ಯಾಂಕು, ಮಾವನ ತೊಡೆಯ ಮೇಲೆ ಕೂಸಿನಂತೆ ಕೂತು ಊರು ನೋಡುತ್ತ ಹೋಗಿಬಂತು. ಸವಾರನ ಮೇಲೆ ತಾನೇ ಸವಾರಿ ಮಾಡಿದ ವಾಹನ ಮೈಸೂರಿನಲ್ಲಿ ಇನ್ನೊಂದಿದ್ದರೆ ದಯವಿಟ್ಟು ತಿಳಿಸಿ, ಮಾವನಿಗೂ ಒಬ್ಬರು ಜೊತೆಯಾದಾರು.

ಮಾವ ಮೆಕ್ಯಾನಿಕ್ ಅಲ್ಲ. ಒಂದು ಅಚ್ಚುಕೂಟದಲ್ಲಿ ಜೀವಮಾನವೆಲ್ಲ ಪ್ರೂಫ್ ನೋಡಿ ನಿವೃತ್ತರಾದವರು. ತಪ್ಪು ಹುಡುಕುವುದು ಅಷ್ಟು ದಿನ ಉದ್ಯೋಗವಾಗಿತ್ತು, ನಿವೃತ್ತಿಯ ಮೇಲೆ ಸ್ವಭಾವವಾಯಿತು. ಮದುವೆಯ ಕರೆಯೋಲೆ ಕೈಗೆ ಬಂದರೆ ಹುಡುಗ ಯಾರು, ಹುಡುಗಿ ಯಾರು ಎಂದು ನೋಡುವ ಮೊದಲು ಕೆಂಪು ಪೆನ್ನು ತೆಗೆಯುತ್ತಾರೆ. ಒಮ್ಮೆ ಹಾಗೆ ತಿದ್ದಿದ ಕರೆಯೋಲೆಯನ್ನು ಮದುವೆ ಮನೆಗೇ ತೆಗೆದುಕೊಂಡು ಹೋಗಿ, ಅಕ್ಷತೆ ಹಾಕಿ, ಹುಡುಗಿಯ ತಂದೆಯ ಕೈಗೆ ಕೊಟ್ಟು, ಮುಂದಿನ ಮಗಳ ಮದುವೆಗಾದರೂ ಉಪಯೋಗಕ್ಕೆ ಬರಲಿ ಎಂದು ಹೇಳಿ ಬಂದರು. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಆ ಮನೆಯಿರುವ ಬೀದಿಯನ್ನು ಇವತ್ತಿಗೂ ತಪ್ಪಿಸಿ ಸುತ್ತುಹಾಕಿಕೊಂಡೇ ಹೋಗುತ್ತಾರೆ.

ಇಂಥ ಮನುಷ್ಯನಿಗೆ ಬೆಟ್ಟದ ಬೈಕು ಯಾಕೆ ಬೇಕಾಯಿತು? ಅಜ್ಜಿಗೋಸ್ಕರ.

ಅಜ್ಜಿ ಎಂದರೆ ಮಾವನ ತಾಯಿ, ನನ್ನ ತಾಯಿಗೂ ತಾಯಿ. ಎಂಬತ್ತು ದಾಟಿದವಳು. ನಮ್ಮ ಮನೆದೇವರು ನರಸಿಂಹಸ್ವಾಮಿ ಚಾಮರಾಜನಗರದ ಆಚೆ ಒಂದು ಗುಡ್ಡದ ನೆತ್ತಿಯಲ್ಲಿ ಕೂತಿದ್ದಾನೆ. ಮೆಟ್ಟಿಲಿಲ್ಲ, ರಸ್ತೆಯಿಲ್ಲ, ಬರೀ ಬಂಡೆಯ ದಾರಿ. ಅರ್ಧಕ್ಕೆ ಎರಡು ಹೆಬ್ಬಂಡೆಗಳು ಒಂದಕ್ಕೊಂದು ಗುಟ್ಟು ಹೇಳುವ ಹಾಗೆ ಬಾಗಿ ನಿಂತಿರುವುದರಿಂದ ಜೀಪೂ ಹೋಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಅಜ್ಜಿ ಆ ದಾರಿಯನ್ನು ಬರಿಗಾಲಲ್ಲಿ ಹತ್ತಿದ್ದಳು. ಆಮೇಲೆ ಒಂದೊಂದು ಮಗು ಹುಟ್ಟಿದಾಗಲೂ ಕಂಕುಳಲ್ಲಿ ಎತ್ತಿಕೊಂಡು ಹತ್ತಿದಳು. ಈಗ ಮಂಡಿ ಏಳುವುದಿಲ್ಲ. ಮಂಡಿಯದಾದರೂ ಹೋಗಲಿ, ಕಣ್ಣು. ಬಲಗಣ್ಣು ಹೋಗಿಯೇ ಹೋಗಿದೆ, ಎಡಗಣ್ಣು ಮಂಜಾಗುತ್ತಿದೆ. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಇದು ಆಪರೇಷನ್ನಿಗೆ ಸರಿಹೋಗುವ ಕಣ್ಣಲ್ಲ, ಇರುವಷ್ಟು ದಿನ ಇರುತ್ತದೆ ಎಂದು ಮೆತ್ತಗೆ ಹೇಳಿಬಿಟ್ಟರು.

ಅಜ್ಜಿ ಅಳಲಿಲ್ಲ. ಮನೆಗೆ ಬಂದು, ಕೈಕಾಲು ತೊಳೆದು, ನಡುಮನೆಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಇದು ಪೂರ್ತಿ ಆರೋದ್ರೊಳಗೆ ಒಂದೇ ಒಂದು ಸಲ ಸ್ವಾಮಿ ಮುಖ ನೋಡ್ಬೇಕು ಕಣೋ. ಅದೊಂದು ಆಗ್ಬಿಟ್ರೆ ನನ್ನ ಕೆಲಸ ಮುಗೀತು. ನಾನು ಹೊರಟೆ.”

ವಯಸ್ಸಾದವರು ಇಂಥ ಮಾತು ಆಡುವುದು ಸಾಮಾನ್ಯ, ನಾವು ಕೇಳಿ ಬಿಡುವುದೂ ಸಾಮಾನ್ಯ. ಆದರೆ ನಮ್ಮ ಅಜ್ಜಿ ಮಾತಾಡಿದರೆ ಹಾಗೆ ಬಿಡುವಂತಿಲ್ಲ. ನನ್ನ ತಾಯಿಯ ಬಾಣಂತನ ಮುಗಿಯುವವರೆಗೆ ತಾನು ಮಲಗುವುದಿಲ್ಲ ಎಂದಿದ್ದಳಂತೆ. ಬಾಣಂತಿಯನ್ನು ಗಂಡನ ಮನೆಗೆ ಕಳಿಸಿ, ಗಾಡಿ ತಿರುವು ದಾಟಿದ ಮೇಲೆ ಒಳಗೆ ಬಂದು, ಚಾಪೆ ಹಾಸಿಕೊಂಡು, ಜ್ವರ ಬರಿಸಿಕೊಂಡಳಂತೆ! ಇನ್ನೊಮ್ಮೆ ಕಾಫಿ ಪುಡಿ ಮುಗಿದಾಗ, ಇನ್ನು ನನಗೆ ಕಾಫಿ ಬೇಡ ಎಂದಳು. ಮನೆಮಂದಿ ತಮಾಷೆ ಎಂದುಕೊಂಡರು. ಅವಳು ಅಂದಿನಿಂದ ಇಂದಿನವರೆಗೆ ಕಾಫಿ ಕುಡಿದಿಲ್ಲ. ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡಿ ಮುಗಿಸುವ ಹೆಂಗಸು.

ಡೋಲಿಯಲ್ಲಿ ಹೊತ್ತುಕೊಂಡು ಹೋಗೋಣ ಎಂದು ನಾನು ಸಲಹೆ ಕೊಟ್ಟೆ. ಅಜ್ಜಿ ನನ್ನನ್ನು ಇದ್ದ ಅರ್ಧ ಕಣ್ಣಿನಲ್ಲೇ ಪೂರ್ತಿ ನೋಡಿದಳು. “ನಾಲ್ಕು ಜನ ಹೊರೋದು ಒಂದೇ ಸಲ ಕಣಪ್ಪ. ಅದಕ್ಕೆ ಮುಂಚೆ ರಿಹರ್ಸಲ್ ಬೇಡ.”

ಆಗ ಮಾವ ಒಬ್ಬರೇ ಹೋಗಿ ಗುಡ್ಡ ನೋಡಿಕೊಂಡು ಬಂದರು. ಅರ್ಚಕರು ಪ್ರತಿ ಶನಿವಾರ ಬೈಕಿನಲ್ಲೇ ಮೇಲೆ ಹೋಗುತ್ತಾರಂತೆ. ಬೀಳುವುದಿಲ್ಲವೇ ಎಂದು ಮಾವ ಕೇಳಿದ್ದಕ್ಕೆ, ಬೀಳದೆ ಹೋದದ್ದು ನೆನಪಿಲ್ಲ ಎಂದರಂತೆ ಅರ್ಚಕರು. ಅಮ್ಮನನ್ನು ಬೀಳಿಸುವಂತಿಲ್ಲವಲ್ಲ! ಹಾಗಾಗಿ ಬೀಳದ ಬೈಕಿನ ಹುಡುಕಾಟ ಶುರುವಾಯಿತು. ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಪರದೇಶದವನೊಬ್ಬ ತನ್ನ ಬೆಟ್ಟದ ಬೈಕು ಮಾರಿ ಊರಿಗೆ ಹೊರಟಿದ್ದ. ಎತ್ತರದ ದೇಹ, ಹಲ್ಲುಹಲ್ಲಿನ ಟೈರು, ಮೂಗಿನ ಹಾಗೆ ಮೇಲಕ್ಕೆ ಎತ್ತಿಕೊಂಡ ಮುಂದಿನ ಮಡ್‌ಗಾರ್ಡು. ಅವನು ಅದರ ಮೇಲೆ ಹಿಮಾಲಯ ಸುತ್ತಿದ್ದನಂತೆ. ಮಾವ ಅದನ್ನು ಗೋಕುಲಂನಿಂದ ಚಾಮರಾಜಪುರಂವರೆಗೆ ತಳ್ಳಿಕೊಂಡು ಬಂದರು. ಓಡಿಸಬಹುದಿತ್ತಲ್ಲ ಎಂದರೆ, ಒಳಗೆ ಏನಿದೆ ಎಂದು ನೋಡದೆ ಹೇಗೆ ಓಡಿಸುವುದು ಎಂದರು. ಓದದೆ ಅಚ್ಚಿಗೆ ಕಳಿಸುವವರಲ್ಲ ಅವರು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಮೇಲೆ ಬೈಕನ್ನು ಏರಿಸಿ ನಿಲ್ಲಿಸಿದರು. ಹೊಟ್ಟೆ ಕಲ್ಲಿನ ಮೇಲೆ, ಎರಡು ಚಕ್ರಗಳೂ ಗಾಳಿಯಲ್ಲಿ. ಅತ್ತೆ ಬಟ್ಟೆಯ ಬಕೆಟ್ಟು ಹಿಡಿದುಕೊಂಡು ಬಂದವರು ನಿಂತೇ ನಿಂತರು. ಅಂದಿನಿಂದ ಆ ಮನೆಯ ಬಟ್ಟೆಗಳು ಬಚ್ಚಲಿನ ನೆಲದ ಮೇಲೆ ಶುಭ್ರವಾಗತೊಡಗಿದವು.

ಇನ್ನು ಎಂಜಿನ್ ಮಡಿಯ ವಿಷಯ ಹೇಳಬೇಕು.

ಎಂಜಿನ್ ಬಿಚ್ಚುವಾಗ ಶುದ್ಧ ಬೇಕು, ಮರಳಿನ ಒಂದು ಕಣ ಒಳಗೆ ಸೇರಿದರೂ ಕೆಟ್ಟಿತು. ಬೇರೆಯವರಾದರೆ ಹಳೇ ಬನಿಯನ್ನಿಗೆ ಕೈ ಒರೆಸಿಕೊಂಡು ಕೆಲಸಕ್ಕೆ ಕೂರುತ್ತಾರೆ. ಮಾವನಿಗೆ ಶುದ್ಧ ಎಂದರೆ ಗೊತ್ತಿದ್ದದ್ದು ಒಂದೇ, ತನ್ನ ತಾಯಿಯ ಮಡಿ. ಅಜ್ಜಿ ಅಡಿಗೆಮನೆಯಲ್ಲಿ ಏನೇನು ಮಾಡುವಳೋ ಅದನ್ನೆಲ್ಲ ಮಾವ ಹಿತ್ತಲಿಗೆ ತಂದರು. ಬೆಳಿಗ್ಗೆ ಎದ್ದು ತಣ್ಣೀರು ಸ್ನಾನ. ಯಾರೂ ಮುಟ್ಟದಂತೆ ಗಳದ ಮೇಲೆ ಒಣಗಿದ ಪಂಚೆ. ತಲೆಗೆ ಒದ್ದೆ ವಸ್ತ್ರ. ಆ ಮೇಲೆ ಮುಂದೆ ದೊಡ್ಡದೊಂದು ಬಾಳೆ ಎಲೆ ಹಾಸಿ, ನೀರು ಚಿಮುಕಿಸಿ ಒರೆಸಿ, ಬಿಚ್ಚಿದ ಭಾಗಗಳನ್ನು ಊಟದ ಎಲೆಗೆ ಬಡಿಸುವ ಕ್ರಮದಲ್ಲೇ ಇಡುತ್ತ ಹೋಗುವರು. ಎಲೆಯ ತುದಿಗೆ ಉಪ್ಪಿನ ಜಾಗದಲ್ಲಿ ಸಣ್ಣ ಸ್ಕ್ರೂಗಳು. ಉಪ್ಪಿನಕಾಯಿಯ ಜಾಗದಲ್ಲಿ ನಟ್ಟು. ಪಲ್ಯದ ಜಾಗದಲ್ಲಿ ಬೋಲ್ಟು. ಅನ್ನದ ಜಾಗದಲ್ಲಿ ಪಿಸ್ಟನ್ನು. ಬಿಚ್ಚಿದ್ದು ಯಾವ ಕ್ರಮದಲ್ಲೋ ಅದರ ತಿರುಗುಮುರುಗಾಗಿ ಜೋಡಿಸುವುದು. ನೋಡಿ, ನಗಬೇಡಿ, ಇಷ್ಟು ದಿನದಲ್ಲಿ ಆ ಬೈಕಿನ ಒಂದು ಸ್ಕ್ರೂ ಕಳೆದಿಲ್ಲ!

“ಮಾವ, ಈ ವಾಷರ್ ಎಲ್ಲಿಡ್ಲಿ?”

“ಕೋಸಂಬರಿ ಪಕ್ಕ.”

ಒಂದು ಭಾನುವಾರ ನಾನು ಹೋಟೆಲಿನಲ್ಲಿ ವಡೆ ತಿಂದು, ಕೈ ತೊಳೆದೆನೋ ಇಲ್ಲವೋ, ನೇರ ಹಿತ್ತಲಿಗೆ ಹೋಗಿ ಅನ್ನದ ಜಾಗದಲ್ಲಿದ್ದ ಪಿಸ್ಟನ್ನನ್ನು ಎತ್ತಿ ನೋಡಿದೆ. ಮಾವ ಕಣ್ಣು ಮುಚ್ಚಿಕೊಂಡರು. ಅಡಿಗೆಮನೆಯ ಕಿಟಕಿಯಿಂದ ಅಜ್ಜಿಯ ಧ್ವನಿ, ಒಂದಿಷ್ಟೂ ತಮಾಷೆಯಿಲ್ಲದೆ ಬಂತು.

“ಮೈಲಿಗೆ ಆಯ್ತೇನೋ?”

“ಆಯ್ತಮ್ಮ.”

“ಹಂಗಾದ್ರೆ ಎಲ್ಲಾ ಮತ್ತೆ ತೊಳಿ. ಅವನನ್ನೂ ತೊಳಿ.”

ಪಿಸ್ಟನ್ನಿಗೆ ಪೆಟ್ರೋಲಿನಲ್ಲಿ ಸ್ನಾನ, ನನಗೆ ಬಾವಿಕಟ್ಟೆಯಲ್ಲಿ. ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ, ಒಳಗೆ ಅಮ್ಮನ ಮಡಿ, ಹೊರಗೆ ಮಗನ ಮಡಿ, ಈ ಮನೆಯಲ್ಲಿ ತನಗೆ ಮುಟ್ಟಲು ಉಳಿದಿರುವುದು ಟಿವಿ ರಿಮೋಟ್ ಒಂದೇ ಎಂದರು. ಹಾಗೆಂದರೂ, ಚೈನು ಕುದಿಸಲು ತಮ್ಮ ಹಪ್ಪಳ ಕರಿಯುವ ಬಾಣಲೆಯನ್ನು ಕೊಟ್ಟವರು ಅವರೇ. ಆ ಬಾಣಲೆ ಮತ್ತೆ ಅಡಿಗೆಮನೆಗೆ ಹೋಗಲಿಲ್ಲ ಎಂಬುದು ಬೇರೆ ಮಾತು.

ಬೆಟ್ಟದ ಬೈಕಿಗೆ ಹಿಂದಿನ ಸೀಟು ಇರುವುದಿಲ್ಲ. ಅದು ಒಂಟಿ ಸವಾರರ ಬೈಕು. ಮಾವ ಸೀಟು ಉದ್ದ ಮಾಡಿಸಿದರು, ಸ್ಪಂಜು ಕೊಯ್ದು ತಗ್ಗಿಸಿದರು, ಅಜ್ಜಿಗೆ ಕಾಲಿಡಲು ಅಗಲದ ಫುಟ್‌ರೆಸ್ಟು ಕೂರಿಸಿದರು. ಎಂಜಿನ್ನಿನ ಹೊಟ್ಟೆಗೆ ಬಂಡೆ ತಾಗದಿರಲೆಂದು ಅನ್ನ ಬಸಿಯುವ ದಪ್ಪ ತಟ್ಟೆಯೊಂದನ್ನು ಬಗ್ಗಿಸಿ ಬಿಗಿದರು. ಏರು ಹತ್ತಲು ಬಲ ಬರಲೆಂದು ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಗಾಲಿ ಹಾಕಿದರು. ಹೋಗುವುದು ಆಮೆಯ ವೇಗ, ಎಳೆಯುವುದು ಆನೆಯ ಹಾಗೆ. ಇಷ್ಟಾದ ಮೇಲೆ ಅಜ್ಜಿಯ ಸೀರೆ ಚಕ್ರಕ್ಕೆ ಸಿಕ್ಕಬಾರದಲ್ಲ ಎಂದು ಸ್ಯಾರಿ ಗಾರ್ಡ್ ಹಾಕಿಸಲು ಬೈಕಿನ ಚೌಕಟ್ಟನ್ನು ಆಟೋದಲ್ಲಿಟ್ಟುಕೊಂಡು ಮಂಡಿ ಮೊಹಲ್ಲಾಕ್ಕೆ ಹೊರಟರು. ನಾನೂ ಜೊತೆಗೆ ಹೋಗಿದ್ದೆ. ವೆಲ್ಡಿಂಗ್ ಅಂಗಡಿಯ ಸಾಹೇಬರು ಚೌಕಟ್ಟನ್ನು ಒಂದು ಸುತ್ತು ನೋಡಿ, ಮಾವನನ್ನು ಒಂದು ಸುತ್ತು ನೋಡಿ, ಕನ್ನಡಕ ಹಣೆಗೇರಿಸಿದರು.

“ಸ್ವಾಮಿ, ಹುಡುಗ್ರು ಬಂದು ಇದ್ದಿದ್ದ ಸ್ಯಾರಿ ಗಾರ್ಡ್ ಕಿತ್ತಾಕು ಅಂತಾರೆ. ರೇಸ್ ಗಾಡಿಗೆ ಹಾಕು ಅಂತ ಬಂದಿದ್ದು ನೀವೇ ಫಸ್ಟು.”

ರೇಸಿಗಲ್ಲ, ದೇವಸ್ಥಾನಕ್ಕೆ ಎಂದರು ಮಾವ. ಸಾಹೇಬರು ನಗುವುದನ್ನು ನಿಲ್ಲಿಸಿ, ಯಾರು ಕೂರೋದು ಎಂದು ಕೇಳಿ, ಅಮ್ಮ ಎಂದು ತಿಳಿದ ಮೇಲೆ ಮೂಲೆಗಳನ್ನೆಲ್ಲ ಅಂಗೈಗೆ ತಾಗದಷ್ಟು ನುಣ್ಣಗೆ ಉಜ್ಜಿಕೊಟ್ಟರು.

ಗಾರ್ಡ್ ಬಂತು, ಬಣ್ಣವೂ ಆಯಿತು. ಅಜ್ಜಿಯನ್ನು ಮೊದಲ ಸಲ ಬೈಕಿನ ಮೇಲೆ ಕೂರಿಸುವ ದಿನ ಬಂತು. ಅವಳು ಮಡಿಯ ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹೊರಗೆ ಬಂದಳು. ನಾನು ಬೈಕು ಹಿಡಿದೆ, ಅತ್ತೆ ಸ್ಟೂಲು ಹಿಡಿದರು. ಅಜ್ಜಿ ಕಾಲೆತ್ತಿ ಆಚೆ ಹಾಕಿ ಗಂಡಸರ ಹಾಗೆ ಎರಡೂ ಕಡೆ ಕಾಲು ಬಿಟ್ಟು ಕೂತುಬಿಟ್ಟಳು! ಕಚ್ಚೆ ಸೀರೆಗೆ ಸ್ಯಾರಿ ಗಾರ್ಡ್ ಯಾಕೆ? ಮಾವ ತಮ್ಮ ತಾಯಿಯನ್ನು ಹುಟ್ಟಿದಾಗಿನಿಂದ ಆ ಸೀರೆಯಲ್ಲೇ ನೋಡಿದವರು. ಮಾರನೆಯ ದಿನ ಚೌಕಟ್ಟು ಮತ್ತೆ ಆಟೋ ಹತ್ತಿತು. ಸಾಹೇಬರು ಏನೂ ಕೇಳದೆ ಗಾರ್ಡ್ ಕತ್ತರಿಸಿದರಂತೆ.

ಆಮೇಲೆ ಸೀಟಿನ ರೆಕ್ಸಿನ್ನಿನ ಪ್ರಶ್ನೆ ಬಂತು. ಅದು ಚರ್ಮವೋ ಅಲ್ಲವೋ ಅಜ್ಜಿಗೆ ನಂಬಿಕೆಯಿಲ್ಲ. ಉಣ್ಣೆಗೆ ಮೈಲಿಗೆಯಿಲ್ಲ ಎಂದು ತಾತನ ಹಳೆಯ ಧಾಬಳಿಯನ್ನು ಪೆಟ್ಟಿಗೆಯಿಂದ ತೆಗೆದು ಸೀಟಿಗೆ ಹೊಲಿಸಿದರು. ಗ್ರೀಸು ಯಾವ ಪ್ರಾಣಿಯ ಕೊಬ್ಬು ಎಂದು ಕೇಳಿದಳು. ಭೂಮಿಯ ಎಣ್ಣೆ ಎಂದು ಮಾವ ಪ್ರಮಾಣ ಮಾಡಬೇಕಾಯಿತು. ಹೆಲ್ಮೆಟ್ಟಿಗೆ ಮಾತ್ರ ತಕರಾರಿರಲಿಲ್ಲ. ಬೆಟ್ಟದ ಬೈಕಿನ ಹೆಲ್ಮೆಟ್ಟಿಗೆ ಮುಂದೆ ಕೊಕ್ಕಿನ ಹಾಗೆ ಚಾಚಿರುತ್ತದಲ್ಲ, ಅದನ್ನು ಸವರಿ ನೋಡಿ, ಗರುಡ ಎಂದು ಒಪ್ಪಿಕೊಂಡಳು.

ಈ ಸುದ್ದಿ ಎಲ್ಲಿಂದ ಎಲ್ಲಿಗೆ ಹೋಯಿತೋ, ಗುಡ್ಡಗಾಡಿನಲ್ಲಿ ಬೈಕು ಓಡಿಸುವ ಗೋಕುಲಂನ ಇಬ್ಬರು ಯುವಕರು ನೋಡಲು ಬಂದರು. ಒಗೆಯುವ ಕಲ್ಲಿನ ಮೇಲೆ ಧಾಬಳಿ ಹೊದ್ದು ನಿಂತ ಬೈಕನ್ನು ಕಂಡು ಅವರ ಮುಖ ಸಾವಿನ ಮನೆಗೆ ಬಂದವರ ಹಾಗಾಯಿತು. ಅಂಕಲ್, ಈ ಗಾಡಿಯ ತೂಕ ಇಳಿಸಬೇಕು, ಹಿಂದಿನ ಸೀಟು ತೆಗೆಸಿ, ಅದೆಲ್ಲ ವೇಸ್ಟು ಎಂದು ಕಳಕಳಿಯಿಂದ ಹೇಳಿದರು.

“ತೆಗೆಸ್ತೀನಿ,” ಎಂದರು ಮಾವ. “ನೀವು ನಿಮ್ಮಮ್ಮನ್ನ ಎಲ್ಲಿ ಕೂರಿಸ್ತೀರಿ, ಅದೊಂದು ಹೇಳ್ಕೊಡಿ.”

ಯುವಕರು ಮಜ್ಜಿಗೆ ಕುಡಿದು, ಅಜ್ಜಿಗೆ ನಮಸ್ಕಾರ ಮಾಡಿ, ಹೊರಟುಹೋದರು.

ಕೂರುವ ಅಭ್ಯಾಸವಾಗಲಿ ಎಂದು ಪ್ರತಿ ಶನಿವಾರ ಅಜ್ಜಿ ಕಲ್ಲಿನ ಮೇಲಿದ್ದ ಬೈಕನ್ನು ಏರತೊಡಗಿದಳು. ಮುಂದೆ ಮಾವ, ಹಿಂದೆ ಗರುಡನ ತಲೆಯ ಅಜ್ಜಿ. ಮಡಿಯಲ್ಲಿರುವುದರಿಂದ ಮಗನನ್ನು ಮುಟ್ಟದೆ ಪಕ್ಕದ ಹಿಡಿಕೆಗಳನ್ನು ಹಿಡಿದುಕೊಳ್ಳುವಳು. ಮಾವ ಎಂಜಿನ್ ಚಾಲೂ ಮಾಡುವರು. ಗೇರು ಹಾಕುವಂತಿಲ್ಲ, ಆದ್ದರಿಂದ ಚಕ್ರ ತಿರುಗದು. ಸದ್ದು ಮಾತ್ರ. ನುಗ್ಗೆಮರದ ಕೆಳಗೆ, ಹೋಗುವ ಭಂಗಿಯಲ್ಲಿ, ತಾಯಿ ಮಗ ಕೂತಿರುವರು.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಕೇಳುವಳು, “ಎಲ್ಲಿಗೆ ಬಂದ್ವೋ?”

“ನಂಜನಗೂಡು ದಾಟಿದ್ವಿ ಅಮ್ಮ.”

“ದೇವಸ್ಥಾನದ ಗೋಪುರ ಕಾಣ್ತಾ?”

“ಕಾಣ್ತು. ಕೈ ಮುಗಿ.”

ಅಜ್ಜಿ ಒಂದು ಹಿಡಿಕೆ ಬಿಟ್ಟು ಎದೆಗೆ ಕೈ ಒತ್ತಿಕೊಳ್ಳುವಳು. ಎದುರಿಗಿದ್ದದ್ದು ಪಕ್ಕದ ಮನೆಯವರ ನೀರಿನ ಟ್ಯಾಂಕು. ನಾನೂ ಅತ್ತೆಯೂ ಮೊದಮೊದಲು ಬಾಯಿಗೆ ಸೆರಗು ಟವಲು ಒತ್ತಿ ನಗುತ್ತಿದ್ದೆವು. ಆಮೇಲೆ ಯಾಕೋ ನಗು ಬರುವುದು ನಿಂತಿತು.

ಬಹುತೇಕ ಮುಂದಿನ ಊರು ಕವಲಂದೆಯ ಹೊತ್ತಿಗೆ ಮಾವ ತಲೆ ಓರೆ ಮಾಡುವರು. ಎಂಜಿನ್ ಆರಿಸುವರು. “ಅಮ್ಮ, ಟ್ಯಾಪೆಟ್ ಶಬ್ದ. ಇವತ್ತಿಗೆ ಸಾಕು.”

ಎಂಜಿನ್ನಿನ ತಲೆಯೊಳಗೆ ಗಾಳಿ ಬರಲು, ಹೊಗೆ ಹೋಗಲು ಪುಟ್ಟ ಬಾಗಿಲುಗಳಿವೆಯಂತೆ. ಅವನ್ನು ತಟ್ಟಿ ತೆರೆಯುವ ಸನ್ನೆಕೋಲಿಗೂ ಬಾಗಿಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಟಿಕ್ ಟಿಕ್ ಎನ್ನುತ್ತದೆ. ಅಕ್ಷರ ಅಕ್ಷರದ ನಡುವಿನ ಸಂದು ನೋಡಿ ಕಣ್ಣು ಸವೆಸಿಕೊಂಡವರಿಗೆ ಇದಕ್ಕಿಂತ ಹಿತವಾದ ಕಾಯಿಲೆ ಬೇಕೇ? ಮತ್ತೆ ತಣ್ಣೀರು ಸ್ನಾನ, ಮತ್ತೆ ಬಾಳೆ ಎಲೆ. ಸಂದು ಸರಿಮಾಡಿ, ಮುಚ್ಚಿ, ಮುಂದಿನ ಶನಿವಾರ ಕೇಳಿದರೆ ಮತ್ತೆ ಟಿಕ್ ಟಿಕ್. ಅವರಿಗೆ ಮಾತ್ರ ಕೇಳುವ ಟಿಕ್ ಟಿಕ್. ಅಜ್ಜಿಗೆ ಕೇಳಲಿಲ್ಲ, ಅತ್ತೆಗೆ ಕೇಳಲಿಲ್ಲ. ನಾನು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ತುದಿಯನ್ನು ಎಂಜಿನ್ನಿಗೆ ತಾಗಿಸಿ ಕೇಳಿದೆ, ನನಗೂ ಕೇಳಲಿಲ್ಲ.

ಆಯುಧಪೂಜೆ ಬಂತು. ಬೈಕನ್ನು ಕಲ್ಲಿನಿಂದ ಇಳಿಸಿ, ತೊಳೆದು, ಚೆಂಡುಹೂವಿನ ಹಾರ ಹಾಕಿ, ಸ್ಪ್ಯಾನರುಗಳಿಗೆಲ್ಲ ಕುಂಕುಮ ಇಟ್ಟು, ಬೂದುಗುಂಬಳ ಒಡೆದೆವು. ಅದಾದ ಮೇಲಿನ ಶನಿವಾರ ಹೋಗುವುದೆಂದು ನಿಶ್ಚಯವಾಯಿತು. ನಾನೇ ಬೈಕನ್ನು ಬೀದಿಯಲ್ಲಿ ಎರಡು ಸುತ್ತು ಓಡಿಸಿದೆ, ಹಸುವಿನ ಹಾಗೆ ಸಾಧುವಾಗಿ ಓಡಿತು. ಅಜ್ಜಿ ಪ್ರಸಾದಕ್ಕೆ ಹೆಸರುಬೇಳೆ ಆರಿಸಿ ಗಂಟು ಕಟ್ಟಿಟ್ಟಳು. ಶುಕ್ರವಾರ ಮಧ್ಯಾಹ್ನ ನೋಡಿದರೆ ಬೈಕು ಮತ್ತೆ ಕಲ್ಲಿನ ಮೇಲೆ, ಎಂಜಿನ್ ಮತ್ತೆ ಎಲೆಯ ಮೇಲೆ! ಟ್ಯಾಪೆಟ್ಟಂತೆ. ಮುಂದಿನ ಸಲ ಗೊತ್ತು ಮಾಡಿದಾಗ ಮುಂದಿನ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಬೆವರಿತ್ತು. ಅದರ ಮುಂದಿನ ಸಲ ಚೈನು ಸಡಿಲ. ಹೀಗೇ ಆಯುಧಪೂಜೆಗಳು ಬಂದು ಹೋದವು. ಹೆಸರುಬೇಳೆ ಗಂಟಿನಲ್ಲೇ ಇತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಹೋದಾಗ ಅಜ್ಜಿ ದೇವರ ಮನೆಯಲ್ಲಿ ಕೂತಿದ್ದಳು. ಎದುರಿಗೆ ದೀಪ ಉರಿಯುತ್ತಿತ್ತು. ಅವಳು ಒಳಗೆ ತಿರುಗಿ ಅತ್ತೆಯನ್ನು ಕೇಳಿದಳು.

“ಇನ್ನೂ ದೀಪ ಹಚ್ಚಿಲ್ವೇನಮ್ಮ?”

ಅತ್ತೆ ನನ್ನ ಮುಖ ನೋಡಿದರು. ಹಚ್ಚಿದೆ ಅಮ್ಮ, ಸಣ್ಣದಾಗಿತ್ತು, ದೊಡ್ಡದು ಮಾಡ್ತೀನಿ ಎಂದು ಬತ್ತಿಯನ್ನು ಮುಂದಕ್ಕೆ ನೂಕಿದರು. ಆಮೇಲೆ ನೇರವಾಗಿ ಹಿತ್ತಲಿಗೆ ಹೋದರು. ಅಷ್ಟು ವರ್ಷದಲ್ಲಿ ಅತ್ತೆ ಎಂಜಿನ್ ಮಡಿಯ ಗೆರೆ ದಾಟಿದ್ದು ಅಂದೇ. ಎಲೆಯ ಪಕ್ಕದಲ್ಲೇ ನಿಂತು ಮಾವನಿಗೆ, ಧ್ವನಿ ಏರಿಸದೆ ಹೇಳಿದರು.

“ನಿಮ್ಮ ಬೈಕ್ ರೆಡಿ ಆಗೋ ಹೊತ್ತಿಗೆ ಅವರಿಗೆ ಸ್ವಾಮಿ ಇರ್ಲಿ, ಬೆಟ್ಟಾನೇ ಕಾಣಲ್ಲ. ಅದನ್ನೂ ಸ್ವಲ್ಪ ಲೆಕ್ಕಕ್ಕೆ ತಗೊಳ್ಳಿ.”

ಅತ್ತೆ ಹೋದ ಮೇಲೂ ಮಾವ ಉಪ್ಪಿನ ಜಾಗದ ಸ್ಕ್ರೂ ಒಂದನ್ನು ಒರೆಸುತ್ತಲೇ ಇದ್ದರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಅಂದು ಸ್ನಾನ ಮಾಡಿಯೇ ಹೋಗಿದ್ದೆ. ನಿಜವಾಗಿ ಶಬ್ದ ಬರುತ್ತಿದೆಯಾ ಮಾವ ಎಂದು ಕೇಳಿದೆ.

“ಇಲ್ಲ,” ಎಂದರು ಮಾವ.

ಮತ್ತೆ ಸ್ಕ್ರೂ ಒರೆಸಿದರು. “ಗಾಡಿ ಎಂದೋ ಸರಿಯಾಗಿದೆ ಕಣೋ. ಮೊದಲನೇ ಆಯುಧಪೂಜೆಗೇ ಸರಿಯಾಗಿತ್ತು. ಅಮ್ಮ ಏನಂದಿದಾಳೆ ಅಂತ ನೀನೂ ಕೇಳಿದೀಯ. ಅದೊಂದು ಆಗ್ಬಿಟ್ರೆ ನಾನು ಹೊರಟೆ ಅಂದಿದಾಳೆ. ಅವಳು ಹೇಳಿದ್ದು ಯಾವುದಾದ್ರೂ ತಪ್ಪಿದೆಯಾ, ನೀನೇ ಹೇಳು. ಗಾಡಿ ರಿಪೇರೀಲಿ ಇರೋ ತನಕ…”

ವಾಕ್ಯ ಮುಗಿಸಲಿಲ್ಲ. ಪೂರ್ಣವಿರಾಮವಿಲ್ಲದ ವಾಕ್ಯವನ್ನು ಜೀವಮಾನದಲ್ಲಿ ಸಹಿಸದಿದ್ದವರು ಅದನ್ನು ಹಾಗೇ ಬಿಟ್ಟರು. ತಾಯಿಯ ಕಣ್ಣಿಗೂ ತಾಯಿಯ ಜೀವಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಹಿಡಿದು ಕೂತಿದ್ದ ಮನುಷ್ಯನಿಗೆ ಏನು ಹೇಳುವುದು? ಅತ್ತ ಹೊರಳಿ ನೋಡಿದೆ. ಕಿಟಕಿಯ ಪಕ್ಕದಲ್ಲಿ ಗಳದ ಮೇಲೆ ಮಡಿ ಸೀರೆ ಹರವುತ್ತಿದ್ದ ಅಜ್ಜಿಯ ಕೋಲು ಗಾಳಿಯಲ್ಲೇ ನಿಂತಿತ್ತು. ಅವಳ ಕಣ್ಣಿಗೆ ಏನೇ ಆಗಿರಲಿ, ಕಿವಿ ಚೆನ್ನಾಗಿತ್ತು.

ಮಧ್ಯಾಹ್ನ ಮಾವ ಮಲಗಿದ್ದಾಗ ಅಜ್ಜಿ ಅಡಿಗೆಮನೆಯಲ್ಲಿ, ನನಗೂ ಅಲ್ಲ ಅತ್ತೆಗೂ ಅಲ್ಲ ಎಂಬಂತೆ, ಹಳೆಯದೊಂದನ್ನು ಹೇಳಿದಳು. ಮಾವ ಚಿಕ್ಕವರಿದ್ದಾಗ ಅವರ ತಂಗಿಯನ್ನು, ಅಂದರೆ ನನ್ನ ತಾಯಿಯನ್ನು, ಶಾಲೆಗೆಂದು ಬೇರೆ ಊರಿನಲ್ಲಿದ್ದ ಅವರ ಸೋದರತ್ತೆಯ ಮನೆಯಲ್ಲಿ ಬಿಡುವುದೆಂದಾಗಿತ್ತಂತೆ. ಸ್ಟೇಷನ್ನಿಗೆ ಕರೆದುಕೊಂಡು ಹೋಗಬೇಕಾದವನು ಅಣ್ಣ. ಹೊರಡುವ ಹೊತ್ತಿಗೆ ಅವನ ಚಪ್ಪಲಿ ಬಾರು ಕಿತ್ತಿರುತ್ತಿತ್ತು. ಜಗಲಿಯ ಮೇಲೆ ಕೂತು ಹೊಲಿಯುತ್ತಿದ್ದ. ರೈಲು ತಪ್ಪುತ್ತಿತ್ತು. ಮಾರನೆಯ ದಿನ ಇನ್ನೊಂದು ಕಾಲಿನ ಬಾರು. “ತಾನೇ ಕೀಳೋನು, ತಾನೇ ಹೊಲಿಯೋನು,” ಎಂದಳು ಅಜ್ಜಿ. “ಬೈದಿದ್ರೆ ಆಗ್ತಿತ್ತು. ಬೈಯಕ್ಕೆ ಮನಸ್ಸು ಬರ್ಲಿಲ್ಲ. ಕೊನೆಗೆ ಅವಳನ್ನ ಕಳಿಸ್ಲೇ ಇಲ್ಲ.”

ಮಾರನೆಯ ಬೆಳಿಗ್ಗೆ ಅವಳು ಹಿತ್ತಲ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತು, ಮಗನನ್ನು ಕರೆದಳು.

“ನೋಡೋ, ಬೆಟ್ಟಕ್ಕೆ ಹೋಗಿ ಬಂದ್ಮೇಲೆ ನಂಗೆ ಇನ್ನೊಂದು ಕಡೆ ಹೋಗೋದಿದೆ. ಇದನ್ನ ಬೇಗ ಮುಗಿಸು. ಅದು ಇನ್ನೂ ಕಷ್ಟದ ದಾರಿ.”

ಮಾವ ಎದ್ದು ನಿಂತರು. “ಇನ್ನೊಂದು ಕಡೇನಾ? ಎಲ್ಲಿಗಮ್ಮ?”

“ಅದನ್ನ ಸ್ವಾಮಿ ಮುಂದೆ ಹೇಳ್ತೀನಿ. ಈಗ ಹೇಳಂಗಿಲ್ಲ.”

ಮಾವ ಸ್ವಲ್ಪ ಹೊತ್ತು ತಾಯಿಯ ಮುಖವನ್ನೇ ನೋಡಿದರು, ಕೊನೆಯ ಪ್ರೂಫ್ ನೋಡುವ ಹಾಗೆ, ಮೇಲಿನಿಂದ ಕೆಳಗೆ. ತಪ್ಪು ಕಾಣಲಿಲ್ಲವೇನೋ. ಅಂದೇ ಎಂಜಿನ್ನಿನ ಎಲೆ ಖಾಲಿಯಾಯಿತು. ಪಾಯಸದಿಂದ ಉಪ್ಪಿನವರೆಗೆ ಎಲ್ಲವೂ ತನ್ನ ತನ್ನ ಜಾಗ ಸೇರಿ, ಸಂಜೆಯ ಹೊತ್ತಿಗೆ ಬೈಕು ಕಲ್ಲಿನಿಂದ ಇಳಿಯಿತು.

ಶನಿವಾರ ಹೊರಟೆವು. ಬೆಟ್ಟದ ಬುಡದವರೆಗೆ ಅಜ್ಜಿ ಕಾರಿನಲ್ಲಿ, ಬೈಕು ಗೂಡ್ಸ್ ಆಟೋದಲ್ಲಿ. ಅದರ ಹಣೆಬರಹವೇ ಹಾಗೆ! ಬುಡದಲ್ಲಿ ಇಳಿಸಿ, ಕಲ್ಲಿನ ಮೇಲೆ ಹಿಡಿತ ಬರಲೆಂದು ಟೈರಿನ ಗಾಳಿ ಸ್ವಲ್ಪ ಬಿಟ್ಟು, ಮಾವ ಏರಿ ಕೂತರು. ಅಜ್ಜಿ ಗರುಡನಾದಳು. ಅತ್ತೆ ಮಡಿಯಲ್ಲಿ ಒಣಗಿಸಿ ತಂದಿದ್ದ ತಮ್ಮ ಹಳೆಯ ಹತ್ತಿ ಸೀರೆಯೊಂದನ್ನು ತೆಗೆದು, ಅಮ್ಮ ಜಾರಬಾರದು ಎಂದು, ಇಬ್ಬರ ಸೊಂಟವನ್ನೂ ಸ್ವಲ್ಪ ಸಡಿಲ ಬಿಟ್ಟು ಸೇರಿಸಿ ಕಟ್ಟಿದರು. ನಾನು ಅರ್ಚಕರ ಬೈಕಿನ ಹಿಂದೆ ಕೂತೆ. ಅವರು ವಾಡಿಕೆಯಂತೆ ನನ್ನನ್ನು ಒಮ್ಮೆ ಬೀಳಿಸಿದರು.

ಮಾವನ ಬೈಕು ಬೀಳಲಿಲ್ಲ. ಆಮೆಯ ಹಾಗೆ, ಆನೆಯ ಹಾಗೆ, ಬಂಡೆಯ ಮೇಲೆ ಚಕ್ರ ಇಟ್ಟು, ನಿಂತು, ಯೋಚಿಸಿ, ಏರುತ್ತಿತ್ತು. ಒಂದು ಕಡೆ ಅನ್ನ ಬಸಿಯುವ ತಟ್ಟೆ ಕಲ್ಲಿಗೆ ತಾಗಿ ಗಂಟೆಯ ಹಾಗೆ ಸದ್ದಾಯಿತು. ಎರಡು ಹೆಬ್ಬಂಡೆಗಳ ನಡುವೆ ನುಸುಳುವಾಗ ಬೈಕು ಒಂದು ಸಲ ಎಡಕ್ಕೆ ವಾಲಿತು. ಅಜ್ಜಿ ಎರಡೂ ಹಿಡಿಕೆಗಳನ್ನು ಬಿಟ್ಟು ಮುಂದಕ್ಕೆ ಬಾಗಿ ಮಗನನ್ನು ತಬ್ಬಿ ಹಿಡಿದಳು. ಮಡಿಯಲ್ಲಿದ್ದ ಅಜ್ಜಿ! ವಾಲಿದ್ದು ಸರಿಯಾದ ಮೇಲೂ ಕೈ ತೆಗೆಯಲಿಲ್ಲ. ಗರುಡನ ಕೊಕ್ಕು ಮಾವನ ಬೆನ್ನಿಗೆ ಒತ್ತಿಕೊಂಡಿತ್ತು.

ನೆತ್ತಿ ತಲುಪಿ ಎಂಜಿನ್ ಆರಿದಾಗ ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಜ್ಜಿ ಕೇಳಿದಳು, “ಎಲ್ಲಿಗೆ ಬಂದ್ವೋ?”

ನಿಂತಲ್ಲೇ ನಿಂತು ಅವಳಿಗೆ ಊರೂರು ದಾಟಿಸಿದ್ದ ಮಾವ, ನಿಜವಾಗಿ ಬಂದ ಜಾಗದ ಹೆಸರು ಹೇಳುವ ಬದಲು ಸೊಂಟದ ಸೀರೆಯ ಗಂಟು ಬಿಚ್ಚಿದರು. ಇಳಿಸಿಕೊಂಡು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅರ್ಚಕರು ಆರತಿಯನ್ನು ಸ್ವಾಮಿಯ ಮುಖಕ್ಕೆ ತೀರ ಹತ್ತಿರ ಹಿಡಿದು, ಇಳಿಸದೆ, ಹಾಗೇ ನಿಂತರು. ಅಜ್ಜಿ ಎಡಗಣ್ಣನ್ನು ಬೆರಳಿನಿಂದ ಅಗಲಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳಿಗೆ ಎಷ್ಟು ಕಂಡಿತೋ ನಾವು ಕೇಳಲಿಲ್ಲ. “ಹಂಗೇ ಇದಾನೆ,” ಎಂದಳು.

ಹೆಸರುಬೇಳೆಯ ಪ್ರಸಾದ ಹಂಚಿಯಾದ ಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತೆವು. ಮಾವ ತಿನ್ನಲಿಲ್ಲ. ಕೈಯಲ್ಲಿ ದೊನ್ನೆ ಹಿಡಿದುಕೊಂಡು ತಾಯಿಯ ಪಕ್ಕದಲ್ಲಿ ಕೂತು, ಹೆದರಿದವರ ಹಾಗೆ ಮೆಲ್ಲಗೆ ಕೇಳಿದರು.

“ಅಮ್ಮ, ಆ ಇನ್ನೊಂದು ಕಡೆ ಅಂದ್ಯಲ್ಲ. ಎಲ್ಲಿಗೆ?”

ಆಡಿದ ಮಾತಿಗೆ ಒಮ್ಮೆಯೂ ತಪ್ಪದ ಅಜ್ಜಿ, ಬೈಕಿನ ಸೀಟಿನ ಮೇಲಿದ್ದ ತಾತನ ಧಾಬಳಿಯ ಕಡೆ ಮುಖ ಮಾಡಿ, ಸೆರಗಿನಿಂದ ಕೈ ಒರೆಸಿಕೊಂಡಳು.

“ಅದನ್ನ ಇನ್ನೂ ಯೋಚನೆ ಮಾಡಿಲ್ಲ ಕಣೋ. ನೀನು ಗಾಡಿ ಸರಿಯಾಗಿಟ್ಟಿರು.”